‘ವೀಲ್ ಆಫ್ ಟೈಮ್’ ಓದು: ಹತ್ತನೆಯದು ಅಂತೂ ಮುಗಿಯಿತು

‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಮುಗಿಸಿದೆ. ರಾಬರ್ಟ್ ಜೋರ್ಡನ್ ಅವರ ಈ ಫ್ಯಾಂಟಸಿ ಕಾದಂಬರಿ ಮಾಲೆಯ ಹದಿನಾಲ್ಕು ಪುಸ್ತಕಗಳಲ್ಲಿ ಇನ್ನು ನಾಲ್ಕು ಬಾಕಿ. ಉಡುಪಿ–ಮಂಗಳೂರು ಬಸ್ಸಿನಲ್ಲಿ ಓದುವ ಕ್ರಮ ಹಾಗೇ ಇದೆ. ಈ ಸಲ ಮಾತ್ರ ಪಡುಬಿದ್ರಿ ಬರುವ ಮೊದಲೇ ನಿದ್ದೆ ಬರುತ್ತಿತ್ತು. ಮುಂದೆ ಕಥೆ ಬಿಟ್ಟುಕೊಡುತ್ತೇನೆ, ಓದದವರು ಇಲ್ಲೇ ಇಳಿದುಬಿಡಿ.

ಒಂಬತ್ತನೆಯದರ ಕೊನೆಯಲ್ಲಿ ಕಥಾನಾಯಕ ರ್‍ಯಾಂಡ್ ಮತ್ತು ನೈನೀವ್ ಸೇರಿ, ಗಂಡಸರು ಬಳಸುವ ಮಾಂತ್ರಿಕ ಶಕ್ತಿಗೆ ಅಂಟಿದ್ದ ಕೊಳೆಯನ್ನು ತೊಳೆಯುತ್ತಾರೆ. ಅಷ್ಟು ದೊಡ್ಡ ಕೆಲಸ! ಆಮೇಲೇನಾಯಿತು ಅಂತ ಆತುರದಲ್ಲಿ ಇದನ್ನು ತೆರೆದರೆ ಕಥೆ ಹಿಂದಕ್ಕೆ ಹೋಗುತ್ತದೆ. ಅದೇ ಹೊತ್ತಿನಲ್ಲಿ ಅವನ ಊರಿನ ಗೆಳೆಯರಾದ ಪೆರಿನ್ ಎಲ್ಲಿದ್ದ, ಮ್ಯಾಟ್ ಎಲ್ಲಿದ್ದ, ಎಗ್ವೇನ್ ಏನು ಮಾಡುತ್ತಿದ್ದಳು, ಇದೇ ಜಾಸ್ತಿ. ರ್‍ಯಾಂಡ್ ಮುಖ ತೋರಿಸುವುದೇ ಅಪರೂಪ. 2000ದಲ್ಲಿ ಒಂಬತ್ತನೆಯದು ಓದಿ, 2003ರವರೆಗೆ ಕಾದವರಿಗೆ ಹೇಗಾಗಿರಬೇಡ!

ನಿಧಾನ ಅಂತ ನನ್ನ ದೂರಲ್ಲ. ತಾಳಮದ್ದಳೆ ಕೇಳಿ ಬೆಳೆದವರಿಗೆ ಬರೀ ಮಾತಿನಲ್ಲಿ ರಾತ್ರಿ ಕಳೆಯುವುದು ಹೊಸದೇನಲ್ಲ. ಆದರೆ ಅಲ್ಲಿ ಸಂಧಾನಕ್ಕೆ ಬಂದ ಕೃಷ್ಣ ಕೌರವನ ಜೊತೆ ವಾದಕ್ಕಿಳಿದರೆ, ಮಾತು ಮಾತಿಗೂ ಯುದ್ಧ ಹತ್ತಿರವಾಗುತ್ತದೆ. ಇಲ್ಲಿ ರಾಜಕುಮಾರಿ ಇಲೇನ್ ಸ್ನಾನಕ್ಕೆ ಕೂತು ಮಾತಾಡಿ ಎದ್ದರೂ ಏನೂ ಬದಲಾಗಿರುವುದಿಲ್ಲ. ಸುಮ್ನೆ ಪುಟ ಹೋಯಿತು ಅನ್ನಿಸುತ್ತದೆ.

ಪೆರಿನ್‌ನ ಭಾಗಕ್ಕೆ ಮಾತ್ರ ಪೂರ್ತಿ ಅಂಕ. ಹೆಂಡತಿ ಫಾಯೀಲ್‌ಳನ್ನು ಶೈಡೊ ಎಂಬ ಶತ್ರು ಬುಡಕಟ್ಟಿನವರು ಹೊತ್ತೊಯ್ದಿದ್ದಾರೆ. ಅವಳನ್ನು ಹುಡುಕುತ್ತಲೇ ದಂಡಿನ ಹೊಟ್ಟೆಯನ್ನೂ ನೋಡಬೇಕು. ಧಾನ್ಯ ಕೊಳ್ಳಲು ಸೋ ಹಾಬರ್ ಊರಿಗೆ ಹೋದರೆ ಅಲ್ಲಿ ಕಾಳಿಗೆಲ್ಲ ಹುಳು, ಬೀದಿಯಲ್ಲಿ ಸತ್ತವರ ಓಡಾಟ. ಜನ ಸ್ನಾನ ಮಾಡುವುದನ್ನೇ ಬಿಟ್ಟಿದ್ದಾರೆ. ಆದರೂ ಬೇರೆ ದಾರಿಯಿಲ್ಲ, ಅದೇ ಕಾಳನ್ನು ಕೇರಿಸಿ ಒಯ್ಯುತ್ತಾನೆ. ಆಮೇಲೆ ಸೆರೆಸಿಕ್ಕ ಶೈಡೊ ಒಬ್ಬನ ಬಾಯಿ ಬಿಡಿಸಲು ಅವನ ಕೈ ಕಡಿಯುತ್ತಾನೆ. ಆ ಕ್ಷಣವೇ ಕೊಡಲಿಯನ್ನು ಎಸೆದುಬಿಡುತ್ತಾನೆ. ಕೊಲ್ಲುವ ಕೊಡಲಿಯೋ ಕಟ್ಟುವ ಸುತ್ತಿಗೆಯೋ ಅಂತ ಎಷ್ಟೋ ಪುಸ್ತಕಗಳಿಂದ ಒದ್ದಾಡಿದವನು! ಇಡೀ ಪುಸ್ತಕದಲ್ಲಿ ನಾನು ಮತ್ತೆ ತಿರುಗಿಸಿ ಓದಿದ್ದು ಅದೊಂದನ್ನೇ.

ಎಗ್ವೇನ್ ಸೆರೆಸಿಗುವ ಕೊನೆಯೂ ಚೆನ್ನಾಗಿದೆ, ಬಹಳ ತಡವಾಗಿ ಬರುತ್ತದೆ ಅಷ್ಟೇ.

ಮುಂದಿನದು 2005ರ ‘ನೈಫ್ ಆಫ್ ಡ್ರೀಮ್ಸ್’. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡರು. ಕೊನೆಯ ಮೂರನ್ನು ಅವರ ಟಿಪ್ಪಣಿಗಳಿಂದ ಮುಗಿಸಿದ್ದು ಬ್ರ್ಯಾಂಡನ್ ಸ್ಯಾಂಡರ್ಸನ್.

ಪಾತ್ರಗಳ ನೋಟ್‌ಬುಕ್ಕಿನಲ್ಲಿ ಐಸ್ ಸೆಡೈಗಳ (ಆ ಶಕ್ತಿ ಬಳಸುವ ಹೆಂಗಸರ ಸಂಘದವರು) ಪುಟ ತುಂಬಿ, ಹೆಸರುಗಳು ಅಂಚಿಗೆ ಹತ್ತಿವೆ. ಇನ್ನು ಮೇಲೆ ಅಜಾದ, ಅಂದರೆ ಅವರ ಒಳಗಿನ ಪಂಗಡದ, ಬಣ್ಣಕ್ಕೆ ತಕ್ಕ ಪೆನ್ನಿನಲ್ಲಿ ಬರೆಯುತ್ತೇನೆ. ಬಿಳಿ ಅಜಾದವರಿಗೆ ಪೆನ್ಸಿಲ್.