ದೊಡ್ಡಮ್ಮ ಹೇಳಿದ ಹದಿನಾಲ್ಕು ಮನೆ

ತಲಕಾವೇರಿಗೆ ಹೊರಟವರನ್ನು ನಮ್ಮ ದೊಡ್ಡಮ್ಮ ಕೇಳುತ್ತಿದ್ದದ್ದು ಒಂದೇ ಮಾತು: "ಯಾರ್ಯಾರಿಗೆ ತೀರ್ಥ ತರ್ತೀಯ?" ನಾಲ್ಕೈದು ಮನೆಯಾದರೂ ಬಾಯಿಗೆ ಬರದಿದ್ದರೆ, "ಹಾಗಾದ್ರೆ ಅಷ್ಟು ದೂರ ಯಾಕೆ, ಇಲ್ಲೇ ಬಾವಿಕಟ್ಟೆಗೆ ಕೈಮುಗಿ" ಅನ್ನುತ್ತಿದ್ದರು. ಅದು ಗದರಿಕೆಯಾಗಿರಲಿಲ್ಲ. ಬರೀ ತಮ್ಮೊಬ್ಬರಿಗಾಗಿ ಯಾರಾದರೂ ಅಲ್ಲಿಗೆ ಹೋಗುತ್ತಾರೆ ಎಂಬುದು ಅವರಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ.

2023ರ ತುಲಾ ಸಂಕ್ರಮಣ ಬರುವ ಹೊತ್ತಿಗೆ ಅವರು ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ನಾನು ಮಡಿಕೇರಿಯಿಂದ ಮಕ್ಕಳನ್ನು ಕರೆದುಕೊಂಡು ನಾಪೋಕ್ಲು ಕಡೆಯ ತವರುಮನೆಗೆ ಎರಡು ದಿನ ಮೊದಲೇ ಬಂದಿದ್ದೆ. ಕಚೇರಿಯ ಗೆಳತಿ ಮತ್ತು ಆಕೆಯ ಯಜಮಾನರೂ ಜೊತೆಗಿದ್ದರು. ಹಾಸನದವರು, ತಲಕಾವೇರಿಯ ಬ್ರಹ್ಮಕುಂಡಿಕೆಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವ ನೋಡಬೇಕೆಂಬುದು ಅವರ ಬಹುದಿನದ ಆಸೆ. ದೊಡ್ಡಮ್ಮ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿಸಿ, ಪಟ್ಟಿ ಬರೆಸಿದರು. ಮೇಲಿನ ಮನೆ, ಕೆಳಗಿನ ಮನೆ, ಹೊಳೆ ದಾಟಿದ ಮೇಲೆ ಬಲಗಡೆಯ ಮನೆ. ಮಾತು ಬಿಟ್ಟು ಹತ್ತು ವರ್ಷವಾಗಿದ್ದ ಒಂದು ಮನೆಯ ಹೆಸರೂ ಬಂತು. ನಾನು ತಲೆಯೆತ್ತಿ ನೋಡಿದೆ. "ಬರಿ" ಅಂದರು. ಹದಿಮೂರಾದವು. ಹದಿನಾಲ್ಕನೆಯದು ತೋಟದ ಕೆಲಸಗಾರರ ಲೈನ್ ಮನೆ. "ಅಲ್ಲಿ ನಾಲ್ಕು ಸಂಸಾರ ಉಂಟು. ಒಂದೇ ಸೀಸೆ ಕೊಟ್ಟು ಹಂಚ್ಕೊಳ್ಳಿ ಅನ್ಬೇಡ" ಎಂದು ನಾಲ್ಕು ಬೆರಳು ಎತ್ತಿ ತೋರಿಸಿದರು.

ಆ ವರ್ಷದ ತೀರ್ಥೋದ್ಭವ ಅಕ್ಟೋಬರ್ 17ರ ನಡುರಾತ್ರಿ ದಾಟಿ 1 ಗಂಟೆ 27 ನಿಮಿಷಕ್ಕೆ. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ ಅದು. ಸೂರ್ಯನ ಒಂದು ಸುತ್ತು ಮುಗಿಯುವುದಕ್ಕೆ 365 ದಿನದ ಮೇಲೆ ಆರು ಗಂಟೆ ಚಿಲ್ಲರೆ ಹಿಡಿಯುವುದರಿಂದ ಪ್ರತಿವರ್ಷ ಈ ಗಳಿಗೆ ಅಷ್ಟಷ್ಟೇ ಮುಂದೆ ಹೋಗುತ್ತದೆ. 2021ರಲ್ಲಿ ಮಧ್ಯಾಹ್ನ, 2022ರಲ್ಲಿ ಸಂಜೆ, 2023ರಲ್ಲಿ ನಡುರಾತ್ರಿ, 2024ರಲ್ಲಿ ಬೆಳಿಗ್ಗೆ. ದೊಡ್ಡಮ್ಮನಿಗೆ ಈ ಲೆಕ್ಕ ಬೇಕಿರಲಿಲ್ಲ. "ಹಾಲು ಕರೆಯುವವಳಿಗೆ ಒಂದು ವರ್ಷ, ಗದ್ದೆಗೆ ಹೋಗುವವನಿಗೆ ಒಂದು ವರ್ಷ, ಯಾರಿಗೂ ತಪ್ಪಬಾರದು ಅಂತ ಕಾವೇರಮ್ಮ ಹೊತ್ತು ಬದಲಾಯಿಸ್ಕೊಂಡು ಬರ್ತಾಳೆ" ಅನ್ನುತ್ತಿದ್ದರು. ನನಗೆ ಎರಡೂ ನಿಜವೇ.

ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಈ ಜಾತ್ರೆ ಶುರುವಾಗುವುದು ನೀರಿನಿಂದಲ್ಲ, ಅಕ್ಕಿಯಿಂದ. ಸಂಕ್ರಮಣಕ್ಕೆ ವಾರಗಳ ಮೊದಲೇ ಮುಹೂರ್ತ ನೋಡಿ ಪತ್ತಾಯಕ್ಕೆ ಅಕ್ಕಿ ಹಾಕುತ್ತಾರೆ. ಆಮೇಲೆ ಆಜ್ಞಾ ಮುಹೂರ್ತ, ಅಕ್ಷಯ ಪಾತ್ರೆ ಇರಿಸುವುದು, ಕಾಣಿಕೆ ಡಬ್ಬಿ ಇರಿಸುವುದು. ಪತ್ತಾಯವೆಂದರೆ ಕಣಜ. ಬರುವವರು ಯಾರು, ಎಷ್ಟು ಮಂದಿ ಎಂದು ಗೊತ್ತಾಗುವ ಮೊದಲೇ ಅವರ ಊಟಕ್ಕೆ ಅಕ್ಕಿ ಅಳೆದಿಡುವ ದೇವರು ನಮ್ಮದು. ಇದನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ನಮ್ಮ ಅಡುಗೆಮನೆಯಲ್ಲೂ ಅಂದು ಅಕ್ಕಿಯದೇ ಕೆಲಸ. ಅಣ್ಣ ಗದ್ದೆಯಲ್ಲಿ, ಬಾವಿಯ ಬಳಿ ಬೊತ್ತ್, ಅಂದರೆ ಸಂಕ್ರಮಣದ ಕೋಲು, ನೆಟ್ಟು ಬಂದಿದ್ದ. ಆ ದಿನ ಮನೆಯಲ್ಲಿ ಮಾಂಸ ಮದ್ಯದ ಸುಳಿವಿಲ್ಲ. ಅತ್ತಿಗೆ ಕುಂಬಳಕಾಯಿ ಹೆಚ್ಚುತ್ತಿದ್ದರು. ಅಮ್ಮ ಪಾಪುಟ್ಟಿಗೆ ಕೂತಿದ್ದರು. ಅಕ್ಕಿ ತರಿಯನ್ನು ಹಾಲುನೀರಿನಲ್ಲಿ ಕಲಸಿ ತಟ್ಟೆಗೆ ಸುರಿದು, ಮೇಲೆ ತೆಂಗಿನ ತುರಿ ಉದುರಿಸಿ, ಹಬೆಯ ನೀರು ತೊಟ್ಟಿಕ್ಕದಂತೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಬೇಯಿಸುವುದು. ಬೆಂದ ತಟ್ಟೆಯನ್ನು ಆರಲು ಬಿಟ್ಟು ಚಾಕುವಿನಿಂದ ಗೀಟು ಎಳೆದಾಗ ತುಂಡುಗಳು ಅಂಚಿನಿಂದ ತಾವೇ ಬಿಟ್ಟುಕೊಂಡು ಬರಬೇಕು. ಹಾಗೆ ಬಂದರೆ ಹದ ಸರಿ. ಆರು ತಟ್ಟೆ ಬೇಯಿಸಿದ್ದರು. ನಾವು ಹೊರಟಿದ್ದು ಒಂಬತ್ತು ಜನ. ಇಷ್ಟು ಯಾಕಮ್ಮಾ ಎಂದು ಕೇಳಿದ್ದಕ್ಕೆ, "ದಾರೀಲಿ ಪಕ್ಕ ಕೂತವರ ಮುಂದೆ ಬರೀ ನಾವು ತಿನ್ನೋಕಾಗ್ತದಾ?" ಅಂದರು. ಬೆಲ್ಲದ ಕಾಫಿ ಎರಡು ಫ್ಲಾಸ್ಕ್ ತುಂಬ.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಕೂಡುವ ಸಂಗಮದಲ್ಲಿ ಸ್ನಾನ ಮಾಡಿದೆವು. ಅಣ್ಣ ಅಪ್ಪನ ಹೆಸರಿನಲ್ಲಿ ನೀರು ಬಿಟ್ಟ. ಭಗಂಡೇಶ್ವರನ ತಾಮ್ರದ ಹೊದಿಕೆಯ ಮಾಡಿನ ಕೆಳಗೆ ಕೈಮುಗಿದು, ಅಮ್ಮ ಅತ್ತಿಗೆಯರನ್ನು ಬಸ್ಸು ಹತ್ತಿಸಿ, ಉಳಿದವರು ಮೇಲಿನ 8 ಕಿಲೋಮೀಟರನ್ನು ನಡೆದೇ ಹೊರಟೆವು. ಮಂಜು ಎಷ್ಟಿತ್ತೆಂದರೆ ಟಾರ್ಚಿನ ಬೆಳಕು ನಾಲ್ಕು ಮಾರು ಹೋಗಿ ಅಲ್ಲೇ ನಿಲ್ಲುತ್ತಿತ್ತು. ಮುಂದೆ ಹೋಗುವವರ ಮುಖ ಕಾಣದು, ಮಾತು ಕೇಳಿಸುತ್ತದೆ. ಅಜ್ಜನೊಬ್ಬನನ್ನು ಇಬ್ಬರು ಮೊಮ್ಮಕ್ಕಳು ಎರಡು ಕಡೆ ಹಿಡಿದು ನಡೆಸುತ್ತಿದ್ದರು. ಅವನು ಹತ್ತು ಹೆಜ್ಜೆಗೊಮ್ಮೆ ನಿಂತು "ನನ್ನ ಬಿಟ್ಟು ನೀವು ಹೋಗಿ" ಅನ್ನುವುದು, ಅವರು ಏನೂ ಹೇಳದೆ ಜೊತೆಗೇ ನಿಲ್ಲುವುದು, ಆಮೇಲೆ ಮತ್ತೆ ಹತ್ತು ಹೆಜ್ಜೆ.

ಒಂದು ತಿರುವಿನಲ್ಲಿ ಅಣ್ಣ ಕತ್ತಲೆಯಲ್ಲೇ ಬೆಟ್ಟದ ಕಡೆ ತಿರುಗಿ ಕೈಮುಗಿದ. 2020ರ ಆಗಸ್ಟಿನ ಮಳೆಯಲ್ಲಿ ಇಲ್ಲಿ ಗುಡ್ಡ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಹೋಯಿತು. ಈ ಬೆಟ್ಟ ಕೊಡುವುದನ್ನೂ ಕಂಡಿದ್ದೇವೆ, ಕೊಂಡೊಯ್ಯುವುದನ್ನೂ ಕಂಡಿದ್ದೇವೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೇಲೆ ತಲುಪಿದಾಗ ಇನ್ನೂ ಎರಡು ಗಂಟೆಯ ಹೊತ್ತಿತ್ತು. ಅಮ್ಮ ಆಗಲೇ ಮೆಟ್ಟಿಲ ಬದಿಯಲ್ಲಿ ಜಾಗ ಹಿಡಿದು, ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸಿಗೆ ಪಾಪುಟ್ಟು ಕೊಟ್ಟಾಗಿತ್ತು. ಆಕೆ ತಮಿಳುನಾಡಿನ ಮಾಯವರಂನಿಂದ ಬಂದವರು. ಅಮ್ಮನಿಗೆ ತಮಿಳು ಬಾರದು, ಆಕೆಗೆ ಕನ್ನಡ ಬಾರದು. ಆದರೂ ಇಬ್ಬರೂ ಅರ್ಧ ಗಂಟೆಯಿಂದ ಮಾತಾಡುತ್ತಿದ್ದರು. ಗೆಳತಿಗೆ ಚೂರುಪಾರು ತಮಿಳು ಗೊತ್ತಿದ್ದುದರಿಂದ ಆಮೇಲೆ ವಿಷಯ ತಿಳಿಯಿತು. ನಮಗೆ ಸಂಕ್ರಮಣ ಶುರುವಾಗುವಾಗ ಅವರಲ್ಲಿ ತುಲಾ ಸ್ನಾನದ ತಿಂಗಳು ಶುರು. ಊರಿಗೆ ಊರೇ ಕಾವೇರಿಯಲ್ಲಿ ಮುಳುಗುತ್ತದೆ. ಎಪ್ಪತ್ತು ವರ್ಷ ಅಲ್ಲಿ ಮಿಂದವರು, ಹುಟ್ಟುವ ಜಾಗವನ್ನು ಒಮ್ಮೆ ನೋಡಿಬಿಡಬೇಕೆಂದು ಮಗನನ್ನು ಹೊರಡಿಸಿಕೊಂಡು ಬಂದಿದ್ದರು. ಬ್ರಹ್ಮಕುಂಡಿಕೆಯಿಂದ ಕಡಲಿಗೆ ಸುಮಾರು 800 ಕಿಲೋಮೀಟರು. ಆಕೆ ಕುಂಡಿಕೆಯ ಅಳತೆಯನ್ನು ಕೈಯಲ್ಲಿ ತೋರಿಸಿ, "ಇಷ್ಟೇನಾ?" ಎಂಬಂತೆ ಅಮ್ಮನ ಮುಖ ನೋಡಿದರು. ಅಮ್ಮ ಹೌದೆಂದು ತಲೆಯಾಡಿಸಿದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಬಾಳೆಲೆಯ ಪೊಟ್ಟಣ ಬಿಚ್ಚಿ ನಮಗೆಲ್ಲ ಒಂದೊಂದು ತುತ್ತು ಪುಳಿಯೋಗರೆ ಕೈಗೆ ಹಾಕಿದರು. ಉಪ್ಪು, ಹುಳಿ, ಎಳ್ಳೆಣ್ಣೆ. ಆ ಚಳಿಯಲ್ಲಿ, ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಪ್ರಸಾದ ಇನ್ನೇನಿತ್ತು.

ಗಳಿಗೆ ಹತ್ತಿರವಾದಂತೆ ಎಲ್ಲರೂ ಎದ್ದರು. "ಜೈ ಜೈ ಮಾತಾ, ಕಾವೇರಿ ಮಾತಾ" ಎಂದು ಒಂದು ಮೂಲೆಯಲ್ಲಿ ಶುರುವಾದದ್ದು ಬೆಟ್ಟಕ್ಕೆಲ್ಲ ಹಬ್ಬಿತು. ನೀರು ಉಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಹೇಳಲಾರೆ. ನನ್ನ ಮುಂದೆ ಅಷ್ಟು ತಲೆಗಳಿದ್ದವು. ಕಂಡದ್ದು ಮೇಲಕ್ಕೆತ್ತಿದ ಕೈಗಳು, ಹೊಗೆಯಾಡುವ ಆರತಿ. ಅರ್ಚಕರು ಎರಚಿದ ತೀರ್ಥ ಮಂಜಿನೊಳಗಿಂದ ಬಂದು ಹಣೆಗೆ ಬಿತ್ತು. ಒಂದು ಹನಿ ನನಗೆ, ಒಂದು ಹನಿ ಪಕ್ಕದಲ್ಲಿದ್ದ ಮಾಯವರಂ ಅಮ್ಮನ ಕನ್ನಡಕದ ಗಾಜಿಗೆ. ಆಕೆ ಕನ್ನಡಕ ತೆಗೆದು ಆ ಹನಿಯನ್ನು ಬೆರಳಿನಿಂದ ಕಣ್ಣಿಗೆ ಒತ್ತಿಕೊಂಡರು.

ಅಗಸ್ತ್ಯರು ಕಾವೇರಿಯನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದರೆಂದೂ, ಅವಳು ಹೊರಬಂದು ಹರಿದುಹೋದಳೆಂದೂ ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಕಥೆ. ಶಿಷ್ಯರು ತಡೆಯಲು ಹೋದಾಗ ನೆಲದೊಳಗೆ ಇಳಿದು ಮುಂದೆ ಮೇಲೆದ್ದಳಂತೆ. ಬಲಮುರಿಯಲ್ಲಿ ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿತಂತೆ, ಕೊಡವತಿಯರು ಇಂದಿಗೂ ಹಾಗೇ ಉಡುತ್ತಾರೆ. ಚಿಕ್ಕಂದಿನಲ್ಲಿ ಈ ಕಥೆ ಕೇಳುವಾಗ ನನಗೆ ಅಗಸ್ತ್ಯರ ಮೇಲೆ ಮರುಕ ಹುಟ್ಟುತ್ತಿತ್ತು. ಅಂದು ರಾತ್ರಿ ಐದು ಲೀಟರಿನ ಕ್ಯಾನನ್ನು ಎದೆಗವಚಿಕೊಂಡು ಇಳಿಯುತ್ತಿದ್ದಾಗ ಮಾತ್ರ ಅವಳ ಕಡೆಯಿಂದ ಯೋಚಿಸಿದೆ. ಕಮಂಡಲದೊಳಗೆ ಕೂತು ಅವಳು ಯಾರ ಗದ್ದೆ ಹಸಿರು ಮಾಡಬೇಕಿತ್ತು?

ಬೆಳಿಗ್ಗೆ ಮನೆಯಲ್ಲಿ ಕಣಿಪೂಜೆ. ಪ್ರತಿವರ್ಷ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಬಳೆ, ಸರ ತೊಡಿಸಿ, ಅಕ್ಕಿ ವೀಳ್ಯದೆಲೆಯ ತಟ್ಟೆಯಲ್ಲಿ ಕಾವೇರಮ್ಮನಾಗಿ ಕೂರಿಸುತ್ತಿದ್ದವರು ದೊಡ್ಡಮ್ಮ. ಆ ಸಲ ಅತ್ತಿಗೆ ತಟ್ಟೆಯನ್ನು ಮಂಚದವರೆಗೆ ತಂದರು. ದೊಡ್ಡಮ್ಮ ನಡುಗುವ ಕೈಯಲ್ಲಿ ಸರವನ್ನು ನೇರ ಮಾಡಿ, ಅಕ್ಕಿ ಹಾಕಿದರು. ಮೂರು ಚಮಚ ತೀರ್ಥ ಕುಡಿದು, "ಸರಿ, ಇನ್ನು ಹೊರಡಿ" ಅಂದರು. ರಾತ್ರಿಯಿಡೀ ನಿದ್ದೆಯಿಲ್ಲದ ನಾವು ಮಲಗುವ ಯೋಚನೆಯಲ್ಲಿದ್ದೆವು!

ಮನೆ ಮನೆಗೆ ಹೋದೆವು. ಸೀಸೆಯ ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ದೋಸೆ ಮತ್ತು ಕುಂಬಳಕಾಯಿ ಪಲ್ಯ. ಪ್ರತಿ ಮನೆಯವರೂ ತೀರ್ಥ ತೆಗೆದುಕೊಂಡು, ಉಳಿದದ್ದರಲ್ಲಿ ಒಂದು ಚಮಚವನ್ನು ಬಾವಿಗೆ ಬಿಡುತ್ತಿದ್ದರು. ವರ್ಷವಿಡೀ ಅದೇ ನೀರಲ್ಲವೇ ಕುಡಿಯುವುದು. ಹತ್ತು ವರ್ಷ ಮಾತು ಬಿಟ್ಟಿದ್ದ ಮನೆಯಲ್ಲಿ ಬಾಗಿಲು ತೆರೆದ ಯಜಮಾನರು ಸೀಸೆ ನೋಡಿ, ನನ್ನನ್ನು ನೋಡಿ, "ಅತ್ತಿಗೆ ಹುಷಾರಾಗಿದ್ದಾರಾ?" ಎಂದು ಕೇಳಿದರು. ಮರುದಿನ ಬಂದು ಮಂಚದ ಬಳಿ ಒಂದು ಗಂಟೆ ಕೂತುಹೋದರು. ಜಗಳದ ವಿಷಯ ಇಬ್ಬರೂ ಎತ್ತಲಿಲ್ಲ. ಲೈನ್ ಮನೆಗೆ ಬಾವಿಯಿಲ್ಲ, ಸಿಮೆಂಟಿನ ತೊಟ್ಟಿ. ಅಲ್ಲಿಯ ಅಕ್ಕ ಮಗನನ್ನು ತೊಟ್ಟಿಯ ಮೇಲೆ ಹತ್ತಿಸಿ, ಅವನ ಕೈಯಿಂದಲೇ ತೀರ್ಥ ಬಿಡಿಸಿದರು. ತಮ್ಮ ಸೀಸೆಯಲ್ಲಿ ಅರ್ಧ ಉಳಿಸಿ, ದೇವರ ಪಟದ ಹಿಂದೆ ಇಟ್ಟರು.

ನಮ್ಮ ಕಡೆ ಮನೆಯಲ್ಲಿ ಒಂದಿಷ್ಟು ತೀರ್ಥ ಇಟ್ಟುಕೊಳ್ಳುವುದು ಕೊನೆಯ ಗಳಿಗೆಗೆಂದು. ಪ್ರಾಣ ಹೋಗುವಾಗ ಬಾಯಿಗೆ ಎರಡು ಹನಿ ಕಾವೇರಿ ಬೀಳಬೇಕು. ನಮ್ಮ ದೇವರ ಕೋಣೆಯಲ್ಲೂ ಒಂದು ಸೀಸೆ ಇತ್ತು. 2024ರ ಏಪ್ರಿಲ್‌ನಲ್ಲಿ ಪಕ್ಕದ ಊರಿನಲ್ಲಿ ಯಾರೋ ಕೊನೆಯುಸಿರು ಎಳೆಯುತ್ತಿದ್ದಾರೆ, ಅವರಲ್ಲಿ ತೀರ್ಥವಿಲ್ಲ ಎಂದು ಹುಡುಗನೊಬ್ಬ ಓಡಿಬಂದಾಗ ಅದನ್ನು ಕೊಟ್ಟುಬಿಡಿ ಅಂದವರು ದೊಡ್ಡಮ್ಮನೇ. ನಿಮಗೆ ಬೇಕಾದೀತು ಎಂಬ ಮಾತು ಅಮ್ಮನ ನಾಲಗೆಯ ತುದಿಗೆ ಬಂದಿತ್ತಂತೆ. ಹೇಳುವುದು ಹೇಗೆ?

ಜುಲೈಯ ಮಳೆಯಲ್ಲಿ ಅವರ ಸರದಿ ಬಂತು. ಕರೆಂಟಿಲ್ಲ, ದಾರಿಗೆ ಮರ ಬಿದ್ದಿದೆ, ನಾನಿನ್ನೂ ಮಡಿಕೇರಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಉಸಿರು ಬದಲಾದಾಗ ಅಮ್ಮ ದೇವರ ಕೋಣೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿ ಬಾಗಿಲಲ್ಲೇ ನಿಂತುಬಿಟ್ಟರಂತೆ. ಅಣ್ಣ ಕೊಡೆಯನ್ನೂ ಹಿಡಿಯದೆ ಹೊರಗೆ ಓಡಿದ. ಅಂಗಳ ದಾಟುವ ಮೊದಲೇ ಎದುರಿನಿಂದ ಲೈನ್ ಮನೆಯ ಅಕ್ಕ ಬರುತ್ತಿದ್ದರು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಸೆರಗಿನ ಗಂಟಿನಲ್ಲಿ ಸೀಸೆ. ಯಾರೂ ಹೇಳಿಕಳುಹಿಸಿರಲಿಲ್ಲ. ಮುಂಜಾನೆಯಿಂದ ಮನಸ್ಸು ತಡೆಯಲಿಲ್ಲ ಅಂದರಂತೆ. ದೊಡ್ಡಮ್ಮನ ಬಾಯಿಗೆ ಆ ಎರಡು ಹನಿಯನ್ನು ಹಾಕಿದ್ದು ಅವರ ಕೈಯಿಂದಲೇ, ಅಮ್ಮ ಚಮಚ ಅವರಿಗೇ ಕೊಟ್ಟಿದ್ದರು.

ಆ ಅಕ್ಟೋಬರ್‌ನಲ್ಲಿ ತೀರ್ಥೋದ್ಭವ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕಿತ್ತು. ಲೈನ್ ಮನೆಯ ಅಕ್ಕ ಮೊದಲ ಸಲ ನಮ್ಮ ಜೊತೆ ಹೊರಟರು, ಕೈಯಲ್ಲಿ ತೊಳೆದಿಟ್ಟ ಅದೇ ಸೀಸೆ, ಚೀಲದಲ್ಲಿ ಇನ್ನೂ ಕೆಲವು. ಪಾಪುಟ್ಟಿನ ತಟ್ಟೆಗಳನ್ನು ಆ ಸಲ ಅಮ್ಮನೊಂದಿಗೆ ಕೂತು ಬೇಯಿಸಿದವರೂ ಅವರೇ. ಭಾಗಮಂಡಲದಲ್ಲಿ ಮೇಲಿನ ಬಸ್ಸು ಹತ್ತಿ ಕೂತ ಮೇಲೆ ನಾನು ಹಳೆಯ ಕ್ಯಾಲೆಂಡರಿನ ಹಾಳೆ ಬಿಡಿಸಿ, ಪೆನ್ನು ತೆಗೆದು ಕೇಳಿದೆ, "ಅಕ್ಕಾ, ನೀವು ಯಾರ್ಯಾರಿಗೆ?"

ಅವರು ಬೆರಳು ಮಡಚುತ್ತ ತಮ್ಮೂರಿನ ಒಂದೊಂದೇ ಮನೆ ಹೇಳತೊಡಗಿದರು. ತಲಕಾವೇರಿ ಬಂದರೂ ಮುಗಿದಿರಲಿಲ್ಲ.