ಕಲ್ಲಿದ್ದಲಿನ ರಂಧ್ರಗಳಲ್ಲಿ ಗ್ಯಾಸ್: ಕರ್ವಿನ ಬಾಲ ಕಡೆಗೂ ಸಿಕ್ಕಿತು

ಕಲ್ಲಿದ್ದಲಿನ ರಂಧ್ರಗಳಲ್ಲಿ ಗ್ಯಾಸ್ ಹೇಗೆ ಓಡಾಡುತ್ತದೆ ಅಂತ ಕಂಪ್ಯೂಟರ್ ಮಾಡೆಲ್ ಬರೆದು, ಅದನ್ನು ಮನೆಯಲ್ಲೇ ಅಳತೆ ಮಾಡಿ ನೋಡುತ್ತಿದ್ದೇನೆ. ಮಾಡೆಲ್ ಬರೆದದ್ದು, ಗ್ರಿಡ್ ಹಾಕಿದ್ದು, ಲ್ಯಾಂಗ್ಮ್ಯೂರ್ ಸಮೀಕರಣ (ಯಾವ ಪ್ರೆಶರ್‌ನಲ್ಲಿ ಕಲ್ಲಿದ್ದಲು ಎಷ್ಟು ಗ್ಯಾಸ್ ಹಿಡಿಯುತ್ತದೆ ಅನ್ನುವ ಲೆಕ್ಕ) ಸೇರಿಸಿದ್ದು ಇದೆಲ್ಲ ನಿಮಗೆ ಗೊತ್ತಿರುವ ಕೆಲಸ, ಬಿಟ್ಟುಬಿಡುತ್ತೇನೆ. ಇವತ್ತು ಒಂದೇ ತಲೆನೋವಿನ ಮಾತು. ಕಲ್ಲಿದ್ದಲಿನ ಪುಡಿ ಹಾಕಿ ಗ್ಯಾಸ್ ತುಂಬಿ ಮುಚ್ಚಿದ ಡಬ್ಬಿಯಲ್ಲಿ ಪ್ರೆಶರ್ ಇಳಿಯುತ್ತಿದೆ. ಗ್ಯಾಸ್ ಕಲ್ಲಿದ್ದಲಿನೊಳಗೆ ಹೋಗುತ್ತಿದೆಯಾ, ಲೀಕ್ ಆಗುತ್ತಿದೆಯಾ, ಇಲ್ಲಾ ಕಲಬುರಗಿ ಬಿಸಿಲಿನ ಆಟವಾ?

ಗಣಿಯ ಪದರಗಳಲ್ಲಿ ಇರುವುದು ಮೀಥೇನ್. ಆದರೆ ಮನೆಯಲ್ಲಿ ಅದನ್ನು ತುಂಬಿಡುವ ಮಾತೇ ಬೇಡ. ಹಾಗಾಗಿ ಜಿಐ ಪೈಪಿನ ಡಬ್ಬಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿದೆ, ಅದೂ ವಾತಾವರಣಕ್ಕಿಂತ ತುಸು ಜಾಸ್ತಿ ಪ್ರೆಶರ್‌ನಲ್ಲಿ ಮಾತ್ರ. ಕಲ್ಲಿದ್ದಲು ಅದನ್ನು ಮೀಥೇನ್‌ಗಿಂತ ಹೆಚ್ಚೇ ಹಿಡಿದಿಟ್ಟುಕೊಳ್ಳುತ್ತದೆ.

ಕಲ್ಲಿದ್ದಲು ತರುವುದೇ ಒಂದು ಕಥೆ. ನಮ್ಮ ರಾಜ್ಯದಲ್ಲಿ ಗಣಿ ಇಲ್ಲ, ಹತ್ತಿರದ್ದು ಅಂದರೆ ತೆಲಂಗಾಣದ ಸಿಂಗರೇಣಿ. ಇಲ್ಲಿನ ವ್ಯಾಪಾರಿಯೊಬ್ಬರು ಕೊಟ್ಟ ಚೀಲದಲ್ಲಿ ಅರ್ಧ ಕರಿ ಕಲ್ಲೇ ಇತ್ತು. ಕೇಳಿದರೆ "ಎಲ್ಲಾ ಒಂದೇ ಅದ ರೀ ಸರ" ಅಂದರು. ಒಂದೇ ಅಲ್ಲ! ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಕಲ್ಲಿದ್ದಲು ಹಗುರ, ಒಡೆದ ಮುಖ ಮಿರಮಿರ ಮಿಂಚುತ್ತದೆ, ಹೆಚ್ಚುಕಮ್ಮಿ ಚೌಕವಾಗಿ ಒಡೆಯುತ್ತದೆ. ಆ ಸೀಳುಗಳೇ ನಮ್ಮ ಕ್ಲೀಟ್‌ಗಳು. ಕರಿ ಕಲ್ಲು ಭಾರ, ಮಂಕು, ಹಾಳೆ ಹಾಳೆಯಾಗಿ ಏಳುತ್ತದೆ. ಒಂದೊಂದೇ ಆರಿಸಿ, ಕುಟ್ಟಿ, ಜರಡಿ ಹಿಡಿದೆ.

ಪ್ರೆಶರ್ ಮೊದಲು ಸರ್ರನೆ ಇಳಿಯುತ್ತದೆ. ಅಲ್ಲಿ ತಕರಾರಿಲ್ಲ. ಜಗಳವೆಲ್ಲ ಆಮೇಲಿನ ನಿಧಾನದ ಬಾಲದ ಹತ್ತಿರ. ಬೇಸಿಗೆಯಲ್ಲಿ ಹಗಲಿಗೂ ರಾತ್ರಿಗೂ 15 ಡಿಗ್ರಿ ವ್ಯತ್ಯಾಸ ಬಂದರೆ, 300 ಕೆಲ್ವಿನ್ (ಸುಮಾರು 27 ಡಿಗ್ರಿ ಸೆಲ್ಸಿಯಸ್) ಲೆಕ್ಕದಲ್ಲಿ ಪ್ರೆಶರ್ 5% ಏರಿಳಿಯುತ್ತದೆ. ಬಾಲದ ಇಳಿತ ಅದಕ್ಕಿಂತ ಚಿಕ್ಕದು. ತಾಪಮಾನ ಅಳೆದು ತಿದ್ದಿದರೂ ಸಾಲಲಿಲ್ಲ, ಯಾಕೆಂದರೆ ಡಬ್ಬಿಯ ಗೋಡೆಯ ತಾಪಮಾನ ಬೇರೆ, ಒಳಗಿನ ಪುಡಿಯದು ಬೇರೆ.

ದಾರಿ ತೋರಿಸಿದ್ದು ಅವಳಿ ಡಬ್ಬಿ. ಅದೇ ಪೈಪು, ಅದೇ ವಾಲ್ವು, ಒಳಗೆ ಮಾತ್ರ ಕಲ್ಲಿದ್ದಲಿನ ಬದಲು ಗಾಜಿನ ಗೋಲಿ. ಎರಡರಲ್ಲೂ ಖಾಲಿ ಜಾಗ ಒಂದೇ ಇರಬೇಕು. ಇಲ್ಲದಿದ್ದರೆ ಲೀಕ್ ಸಮನಾಗಿದ್ದರೂ ಪ್ರೆಶರ್ ಇಳಿಯುವ ವೇಗ ಬೇರೆಯಾಗುತ್ತದೆ. ಎರಡನ್ನೂ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ನಡುವೆ ಡಿಫರೆನ್ಶಿಯಲ್ ಸೆನ್ಸರ್ ಹಾಕಿದೆ, ಅಂದರೆ ಎರಡು ಡಬ್ಬಿಗಳ ಪ್ರೆಶರ್ ವ್ಯತ್ಯಾಸವನ್ನಷ್ಟೇ ಅಳೆಯುವುದು. (ಆನ್‌ಲೈನ್ ಅಂಗಡಿಯವರು ಮೊದಲು ಕಳಿಸಿದ್ದು ಒಂದೇ ಮೂತಿಯ ಸೆನ್ಸರ್. ಫೋಟೋದಲ್ಲಿ ಎರಡು, ಡಬ್ಬದಲ್ಲಿ ಒಂದು. ವಾಪಸ್ ತೆಗೆದುಕೊಳ್ಳಲು ಸತಾಯಿಸಿದರು.)

ಆಮೇಲೆ ನಿಜವಾದ ಪರೀಕ್ಷೆ. ಕಲ್ಲಿದ್ದಲನ್ನೂ ಗೋಲಿಯನ್ನೂ ಅದಲು ಬದಲು ಮಾಡಿ, ಹಳೆ ಫ್ರಿಜ್ ಕಂಪ್ರೆಸರಿನಿಂದ ಗಾಳಿ ಎಳೆದು, ಮತ್ತೆ ತುಂಬಿದೆ. ಲೀಕ್ ಆಗಿದ್ದರೆ ವ್ಯತ್ಯಾಸ ಮೊದಲಿದ್ದ ಡಬ್ಬಿಯ ಕಡೆಗೇ ಉಳಿಯಬೇಕಿತ್ತು. ಗೆರೆ ಪೂರ್ತಿ ತಿರುಗಿಬಿತ್ತು, ಪ್ಲಸ್ ಇದ್ದದ್ದು ಮೈನಸ್! ಗ್ಯಾಸ್ ಕಲ್ಲಿದ್ದಲಿನೊಳಗೇ ಹೋಗುತ್ತಿದೆ. ಖುಷಿಗೆ ರಾತ್ರಿ ನಿದ್ದೆ ಬರಲಿಲ್ಲ.

ತಾಪಮಾನದ ಲೆಕ್ಕ ಕಳೆದ ಮೇಲೂ ಒಂದು ಸಣ್ಣ ಅಲೆ ಉಳಿದಿದೆ. ಅದನ್ನು ಅಳಿಸುವುದಿಲ್ಲ. ಬಿಸಿಯಾದಾಗ ಕಲ್ಲಿದ್ದಲು ಸ್ವಲ್ಪ ಗ್ಯಾಸ್ ಬಿಡುತ್ತದೆ, ತಣ್ಣಗಾದಾಗ ಮತ್ತೆ ಹಿಡಿಯುತ್ತದೆ. ಅದೂ ಡೇಟಾನೇ.

ಈಗ ಫಿಟ್ಟಿಂಗ್, ಅಂದರೆ ಅಳತೆಯ ಗೆರೆಗೆ ಮಾಡೆಲ್ ಹೊಂದಿಸುವುದು. ಮೊದಲ ಭಾಗ ಸಮಯದ ವರ್ಗಮೂಲಕ್ಕೆ ಸರಳ ರೇಖೆಯಾಗಿ ಕೂರುತ್ತದೆ. ಆದರೆ ಅದೇ ಡಿಫ್ಯೂಷನ್ ಸಂಖ್ಯೆ (ಗ್ಯಾಸ್ ಒಳಗೆ ಹರಡುವ ವೇಗದ ಅಳತೆ) ಹಾಕಿದರೆ ಮಾಡೆಲ್‌ನಲ್ಲಿ ಬಾಲ ತುಂಬಾ ಬೇಗ ಮುಗಿದುಹೋಗುತ್ತದೆ. ಇದು ಸಹಜವೇ ಅಲ್ವಾ? ಮೈಕ್ರೋಪೋರ್, ಅಂದರೆ ತೀರಾ ಸಣ್ಣ ರಂಧ್ರ, 2 ನ್ಯಾನೊಮೀಟರ್‌ಗಿಂತ ಕಿರಿದು. ಈ ಪ್ರೆಶರ್‌ನಲ್ಲಿ ಒಂದು ಅಣು ಇನ್ನೊಂದಕ್ಕೆ ಬಡಿಯುವ ಮೊದಲು ಹತ್ತಾರು ನ್ಯಾನೊಮೀಟರ್ ಓಡುತ್ತದೆ. ಅಂದರೆ ಅದು ಮತ್ತೆ ಮತ್ತೆ ಬಡಿಯುವುದು ಗೋಡೆಗೇ. ಅಲ್ಲಿ ಡಾರ್ಸಿ ನಿಯಮ (ಪ್ರೆಶರ್ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು ಅನ್ನುವ ಲೆಕ್ಕ) ನಡೆಯುವುದಿಲ್ಲ. ಅದು ಕ್ಲೀಟ್‌ಗಳಿಗೆ ಸರಿ. 1971ರಲ್ಲಿ ರಕೆನ್‌ಸ್ಟೈನ್ ಮತ್ತು ಜೊತೆಗಾರರು ಕೊಟ್ಟ ಎರಡು ಹಂತದ ಮಾಡೆಲ್ ಹಾಕಿದೆ. ದೊಡ್ಡ ರಂಧ್ರಕ್ಕೆ ಒಂದು ವೇಗ, ಸಣ್ಣದಕ್ಕೆ ಇನ್ನೊಂದು. ಬಾಲ ಗೆರೆಯ ಮೇಲೇ ಬಂದು ಕೂತಿತು.

ಇದರ ನಡುವೆ ಬೀದರ್ ತಲೆಗೆ ಹೊಕ್ಕಿದೆ. ನೌಬಾದಿನ ಸುರಂಗ ಬಾವಿ, ನೆಲದಡಿ ಕೊರೆದ ಹಳೇ ನೀರಿನ ಸುರಂಗ, ನೋಡಿದ್ದೀರಲ್ಲ? ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ತೂತುಗಳಲ್ಲಿ ನೀರು ಇಳಿದು ಸುರಂಗಕ್ಕೆ ಸೇರುವುದು ಹೆಚ್ಚುಕಮ್ಮಿ ಡಾರ್ಸಿ ಲೆಕ್ಕವೇ. ಇದೇ ಕೋಡಿನಲ್ಲಿ ಗ್ಯಾಸಿನ ಭಾಗ ತೆಗೆದು ನೀರು ಹಾಕಿದರೆ ಅರ್ಧ ಕೆಲಸ ಆಯಿತು. ಮಳೆಗಾಲಕ್ಕೆ ಅದೇ ಯೋಜನೆ.

ಅದಕ್ಕೂ ಮುಂಚೆ ಒಂದು ಬಾಕಿ ಇದೆ. ಪುಡಿಯ ಗಾತ್ರ ಅರ್ಧ ಮಾಡಿದರೆ ಗ್ಯಾಸ್ ಹೋಗುವ ಸಮಯ ನಾಲ್ಕನೇ ಒಂದಕ್ಕೆ ಇಳಿಯಬೇಕು. ಇಳಿಯದಿದ್ದರೆ ಗ್ಯಾಸ್ ನಿಜವಾಗಿ ದಾಟುವ ದೂರ ಕಾಳಿನ ಗಾತ್ರಕ್ಕಿಂತ ಚಿಕ್ಕದು, ಸೀಳುಗಳು ಒಳಗೇ ಇವೆ ಅಂತ ಅರ್ಥ. ಸಣ್ಣ ಕಣ್ಣಿನ ಜರಡಿಗೆ ಆರ್ಡರ್ ಹಾಕಿದ್ದೇನೆ. ಯಾರ ಹತ್ತಿರವಾದರೂ ಹಿತ್ತಾಳೆ ಜಾಲರಿಯದ್ದು ಇದ್ದರೆ ಹೇಳಿ, ಬಂದು ಒಯ್ಯುತ್ತೇನೆ.