ಕಪ್ಪು ನೊಣಕ್ಕೆ ಕಪ್ಪು ನೊಣ ಕೂಡಿಸಿದರೆ

ಹಣ್ಣುನೊಣ ಡ್ರೊಸೊಫಿಲಾದಲ್ಲಿ ಬ್ಲ್ಯಾಕ್, ಎಬೊನಿ ಎರಡೂ ಕಪ್ಪು ಮೈಯ ತಳಿಗಳೇ. ಆದರೆ ಒಂದಕ್ಕೊಂದು ಕೂಡಿಸಿದರೆ ಎಫ್‌ಒನ್, ಅಂದರೆ ಮೊದಲ ಪೀಳಿಗೆ, ಪೂರ್ತಿ ಮಾಮೂಲಿ ಕಂದು ಬಣ್ಣಕ್ಕೆ ಬರುತ್ತದೆ. ಮೈಸೂರು, ಮಂಡ್ಯದ ಬಿಎಸ್ಸಿ ಹುಡುಗರು ಇದನ್ನು ಕಂಡು ಬಾಟಲಿ ಅದಲುಬದಲಾಗಿದೆ ಅಂದುಕೊಳ್ಳುತ್ತಾರೆ. ಆಗಿರುವುದಿಲ್ಲ.

ನೊಣದ ಮೈಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹಾಗೇ ಉಳಿದರೆ ಮೆಲನಿನ್ ಎಂಬ ಕಪ್ಪು ಬಣ್ಣ ಆಗುತ್ತದೆ. ಅದಕ್ಕೆ ಬೀಟಾ ಅಲನೈನ್ ಎಂಬ ಅಮೈನೊ ಆಮ್ಲ ಅಂಟಿದರೆ ಮೈ ತಿಳಿಯಾಗುತ್ತದೆ. ಈ ಬೀಟಾ ಅಲನೈನ್ ಒದಗಿಸುವುದು 2ನೇ ವರ್ಣತಂತುವಿನ ಬ್ಲ್ಯಾಕ್ ಜೀನ್, ಅಂಟಿಸುವುದು 3ನೆಯದರ ಎಬೊನಿ. ಯಾವುದು ಕೆಟ್ಟರೂ ನೊಣ ಕಪ್ಪೇ. ಎಫ್‌ಒನ್‌ಗೆ ಎರಡು ಜೀನಿನದೂ ಒಂದೊಂದು ಸರಿಯಾದ ಪ್ರತಿ ಸಿಗುವುದರಿಂದ ಮೈ ಮಾಮೂಲಿ. ಆಗಷ್ಟೇ ಗೂಡಿನಿಂದ ಹೊರಬಂದ ಬ್ಲ್ಯಾಕ್ ನೊಣಕ್ಕೆ ಬೀಟಾ ಅಲನೈನ್ ಚುಚ್ಚಿದರೆ ಬಣ್ಣ ಸರಿಹೋಗುತ್ತದೆ, ಎಬೊನಿಯದು ಸರಿಹೋಗುವುದಿಲ್ಲ. ನನಗೆ ಈ ಪಾಠದಲ್ಲಿ ಅತಿ ಇಷ್ಟವಾದ ಸಾಕ್ಷ್ಯ ಇದೇ.

ಎಫ್‌ಒನ್ ಅಣ್ಣತಂಗಿಯರನ್ನೇ ಕೂಡಿಸಿದಾಗ 9:7 ಬರಬೇಕು. 320 ನೊಣದಲ್ಲಿ 180 ಮಾಮೂಲಿ, 140 ಕಪ್ಪು. ಒಂದೇ ಜೀನ್ ಕೆಟ್ಟ ಕಪ್ಪು ನೊಣವನ್ನು ಮಾಮೂಲಿ ನೊಣಕ್ಕೆ ಕೂಡಿಸಿ ಬಂದ ಎಫ್‌ಒನ್ ಆಗಿದ್ದರೆ 240, 80. ಮೂವತ್ತು ನಲವತ್ತು ನೊಣ ಎಣಿಸಿ ತೀರ್ಮಾನಕ್ಕೆ ಬರಬೇಡಿ.

ನೊಣಗಳ ಮೇವಿಗೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ರೂಢಿಯಲ್ಲಿರುವ ಅಳತೆ ಸಾಕು: ಲೀಟರ್ ನೀರಿಗೆ ರವೆ, ಬೆಲ್ಲ ತಲಾ 100 ಗ್ರಾಂ, ಮೇವು ಗಟ್ಟಿಯಾಗಲು ಅಗಾರ್ ಪುಡಿ 10 ಗ್ರಾಂ. ಒಲೆಯಿಂದ ಇಳಿಸಿದ ಮೇಲೆ ಪ್ರೊಪಿಯಾನಿಕ್ ಆಮ್ಲ 7.5 ಮಿ.ಲೀ. ಕುದಿಯುವಾಗಲೇ ಸುರಿದರೆ ಆಮ್ಲ ಆವಿಯಾಗಿ, ಆಮೇಲೆ ಬೂಷ್ಟು ಹಿಡಿಯುತ್ತದೆ.

ಮೊದಲ ಕೂಡಿಕೆಗೆ ಕನ್ಯೆ ಹೆಣ್ಣುಗಳೇ ಬೇಕು. 25 ಡಿಗ್ರಿಯಲ್ಲಿ, ಹೊರಬಂದ 8 ಗಂಟೆಯೊಳಗೆ ಬೇರ್ಪಡಿಸಿ. ಎಫ್‌ಒನ್‌ನಲ್ಲಿ ಎಲ್ಲವೂ ಒಂದೇ ಜೀನ್‌ಜೋಡಿಯವಾದ್ದರಿಂದ ಈ ಕಟ್ಟುಪಾಡು ಬೇಡ. ಏಪ್ರಿಲ್‌ನಲ್ಲಿ ಕೋಣೆ 30 ದಾಟಿದರೆ ಗಂಡುಗಳು ಬರಡಾಗುತ್ತವೆ, ಬಾಟಲಿಗಳನ್ನು ತಂಪಿಗೆ ಸಾಗಿಸಿ. ಕೂಡಿಸಿ ವಾರವಾದೊಡನೆ ತಂದೆತಾಯಿ ನೊಣಗಳನ್ನು ತೆಗೆದುಬಿಡಿ, ಇಲ್ಲದಿದ್ದರೆ ಅವೂ ಲೆಕ್ಕಕ್ಕೆ ಸೇರುತ್ತವೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಬಣ್ಣ ಓದುವಲ್ಲಿ. ಈಗಷ್ಟೇ ಹೊರಬಂದ ನೊಣ, ಯಾವ ತಳಿಯದಾದರೂ, ಬಿಳಿಚಿಕೊಂಡು ಮೆತ್ತಗಿರುತ್ತದೆ. ರೆಕ್ಕೆ ಇನ್ನೂ ಬಿಚ್ಚಿರುವುದಿಲ್ಲ. ಅಂಥವನ್ನು ಬೇರೆ ಸೀಸೆಗೆ ಹಾಕಿ, ಮರುದಿನ ಎಣಿಸಿ. ಹೊಟ್ಟೆಯ ತುದಿ ನೋಡಬೇಡಿ, ಮಾಮೂಲಿ ಗಂಡಿಗೂ ಅಲ್ಲಿ ಕಪ್ಪಿರುತ್ತದೆ. ಎದೆಯ ಮೇಲ್ಭಾಗ ನೋಡಿ. ಒಂದೇ ಎಬೊನಿ ಪ್ರತಿ ಇರುವ ನೊಣ ತುಸು ಮಬ್ಬಾಗಿರುತ್ತದೆ; ಅದು ಮಾಮೂಲಿ ಗುಂಪಿಗೇ ಸೇರಬೇಕು.

ಏಳು ಪಾಲು ಕಪ್ಪಿನಲ್ಲಿ ಯಾವುದು ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲು ಹೋಗಬೇಡಿ. ಒಂದು ಕಪ್ಪು ಗಂಡನ್ನು ಶುದ್ಧ ಬ್ಲ್ಯಾಕ್ ಕನ್ಯೆಗೂ, ಆಮೇಲೆ ಬೇರೆ ಸೀಸೆಯಲ್ಲಿ ಶುದ್ಧ ಎಬೊನಿ ಕನ್ಯೆಗೂ ಕೂಡಿಸಿ. ಎರಡರಲ್ಲೂ ಮರಿಗಳೆಲ್ಲ ಕಪ್ಪಾದರೆ ಆ ಗಂಡಿನಲ್ಲಿ ಎರಡು ಜೀನೂ ಕೆಟ್ಟಿವೆ.